ಊರನ್ನು ಕೇಳದೆ ಕಾಡು ಉಳಿಯದು

ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ನಿಮಗೆ ಎಷ್ಟು ಗೊತ್ತು? 2021ರ ಅಕ್ಟೋಬರ್‌ನಿಂದ 2022ರ ಜನವರಿವರೆಗೆ ನಮ್ಮ ದೇಶದ 4,619 ಮಂದಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಈ ಪ್ರಶ್ನೆ ಕೇಳಿದರು. ಸಮೀಕ್ಷೆ ನಡೆಸಿಕೊಟ್ಟದ್ದು ಸಿವೋಟರ್ ಸಂಸ್ಥೆ. ಶೇ 54ರಷ್ಟು ಜನ ಅಂಥದ್ದೊಂದನ್ನು ಕೇಳಿಯೇ ಇಲ್ಲ ಎಂದರು, ಇಲ್ಲವೇ ಅಲ್ಪಸ್ವಲ್ಪ ಗೊತ್ತು ಎಂದರು. ಆಮೇಲೆ ಅದೇ ಜನರಿಗೆ ತಾಪಮಾನ ಏರಿಕೆ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಬಿಡಿಸಿ ಹೇಳಿ, ಇದು ನಡೆಯುತ್ತಿದೆ ಎನ್ನಿಸುತ್ತದೆಯೇ ಎಂದು ಕೇಳಿದರು. ಶೇ 84ರಷ್ಟು ಮಂದಿ ಹೌದು ಎಂದರು. ಅದರ ಪರಿಣಾಮ ತಮಗೇ ತಟ್ಟಿದೆ ಎಂದವರು ಶೇ 74.

ಮೊದಲ ಉತ್ತರವನ್ನಷ್ಟೇ ಹಿಡಿದುಕೊಂಡರೆ ಭಾರತದ ಅರ್ಧಕ್ಕರ್ಧ ಜನಕ್ಕೆ ಹವಾಮಾನದ ಗಂಧಗಾಳಿ ಇಲ್ಲ ಎಂದು ಬರೆದುಬಿಡಬಹುದು. ಎರಡನೆಯದನ್ನು ಹಿಡಿದುಕೊಂಡರೆ ಹತ್ತರಲ್ಲಿ ಎಂಟು ಜನರಿಗೆ ವಿಷಯ ಮನದಟ್ಟಾಗಿದೆ ಎನ್ನಬಹುದು. ಜನ ಅವರೇ, ದಿನವೂ ಅದೇ. ಬದಲಾದದ್ದು ಕೇಳಿದ ರೀತಿ ಮಾತ್ರ. ಬಿಸಿಲು, ಮಳೆ, ಕಾಡು, ಕೆರೆಗಳ ಬಗ್ಗೆ ಜನಾಭಿಪ್ರಾಯ ಏನು ಎಂದು ತಿಳಿಯಲು ಹೊರಡುವ ಯಾರೇ ಆಗಲಿ, ವಿಶ್ವವಿದ್ಯಾಲಯವಾಗಲಿ, ಸರ್ಕಾರವಾಗಲಿ, ಪತ್ರಿಕೆಯಾಗಲಿ, ಮೊದಲು ಅರಿಯಬೇಕಾದ ಪಾಠ ಇದು. ನಮ್ಮ ಪಶ್ಚಿಮಘಟ್ಟದ ಹದಿನೈದು ವರ್ಷಗಳ ಜಗಳದ ಬೇರು ಕೂಡ ಇಲ್ಲಿಯೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಪಕ್ಕದವರ ಬಗ್ಗೆ ತಪ್ಪು ಲೆಕ್ಕ

ಹವಾಮಾನದ ಕುರಿತು ಜನರ ಮನಸ್ಸನ್ನು ಅಳೆಯುವ ಕೆಲಸ ಜಗತ್ತಿನ ಮಟ್ಟದಲ್ಲಿ ಶುರುವಾಗಿ ಬಹಳ ಕಾಲವೇನೂ ಆಗಿಲ್ಲ. 2007–08ರಲ್ಲಿ ಗ್ಯಾಲಪ್ ಸಂಸ್ಥೆ 119 ದೇಶಗಳಲ್ಲಿ ಕಲೆಹಾಕಿದ ಉತ್ತರಗಳು ಈ ದಾರಿಯ ಮೊದಲ ದೊಡ್ಡ ಹೆಜ್ಜೆಗಳಲ್ಲಿ ಒಂದು. ಆಗ ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಹವಾಮಾನ ಬದಲಾವಣೆಯ ವಿಷಯ ಗೊತ್ತಿತ್ತು. ಭಾರತ, ಬಾಂಗ್ಲಾದೇಶ, ಈಜಿಪ್ಟ್‌ಗಳಲ್ಲಿ ಶೇ 65ಕ್ಕೂ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಈ ಉತ್ತರಗಳನ್ನು ಜರಡಿ ಹಿಡಿದ ಸಂಶೋಧಕರಿಗೆ ಎರಡು ಸಂಗತಿ ಕಂಡವು. ವಿಷಯ ಗೊತ್ತಿರುವುದಕ್ಕೂ ಗೊತ್ತಿಲ್ಲದಿರುವುದಕ್ಕೂ ಎಲ್ಲಕ್ಕಿಂತ ದೊಡ್ಡ ಕಾರಣ ಶಿಕ್ಷಣ. ಆದರೆ ಅದನ್ನು ತಮಗೆ ಬಂದ ಅಪಾಯ ಎಂದು ಜನ ಭಾವಿಸುತ್ತಾರೋ ಇಲ್ಲವೋ ಎಂಬುದು ಏಷ್ಯಾ, ಆಫ್ರಿಕಾದ ಹಲವು ದೇಶಗಳಲ್ಲಿ ನಿಂತಿರುವುದು ತಮ್ಮೂರಿನ ಬಿಸಿಲು ಬದಲಾದದ್ದನ್ನು ಅವರು ಗಮನಿಸಿದ್ದಾರೆಯೇ ಎಂಬುದರ ಮೇಲೆ. ಅಂದರೆ ಪುಸ್ತಕದಿಂದ ಬರುವುದು ಮಾಹಿತಿ, ಕಳವಳ ಹುಟ್ಟುವುದು ಅಂಗಳದಲ್ಲಿ.

2024ರಲ್ಲಿ ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಬಂತು. 125 ದೇಶಗಳ ಸುಮಾರು 1.30 ಲಕ್ಷ ಜನರನ್ನು ಕೇಳಿ ಮಾಡಿದ್ದು. ತಾಪಮಾನ ಏರಿಕೆ ತಡೆಯಲು ನಿಮ್ಮ ತಿಂಗಳ ಆದಾಯದಲ್ಲಿ ಶೇ 1ರಷ್ಟು ಕೊಡುತ್ತೀರಾ ಎಂದರೆ ಶೇ 69ರಷ್ಟು ಜನ ಕೊಡುತ್ತೇವೆ ಎಂದರು. ನಿಮ್ಮ ದೇಶದ ಉಳಿದವರಲ್ಲಿ ಎಷ್ಟು ಮಂದಿ ಕೊಟ್ಟಾರು ಎಂದು ಮರುಪ್ರಶ್ನೆ ಹಾಕಿದಾಗ ಬಂದ ಸರಾಸರಿ ಉತ್ತರ ಶೇ 43. ನಾನು ಸಿದ್ಧ, ಆದರೆ ಪಕ್ಕದವನು ಸಿದ್ಧನಿಲ್ಲ ಎಂದು ಹೆಚ್ಚುಕಡಿಮೆ ಎಲ್ಲ ದೇಶದವರೂ ಅಂದುಕೊಂಡಿದ್ದಾರೆ. ಈ ತಪ್ಪು ಲೆಕ್ಕ ಸಣ್ಣದಲ್ಲ. ನಾನೊಬ್ಬ ಮಾಡಿದರೆ ಏನಾದೀತು ಎಂಬ ನಿರಾಸೆ ಹುಟ್ಟುವುದೂ, ಜನರಿಗೇ ಬೇಡವಾಗಿದೆ ಎಂದು ರಾಜಕಾರಣಿ ಕೈತೊಳೆದುಕೊಳ್ಳುವುದೂ ಇದರಿಂದಲೇ. ಸಮೀಕ್ಷೆಯ ನಿಜವಾದ ಉಪಯೋಗ ಇರುವುದು ಇಲ್ಲಿ: ಜನರ ಮನಸ್ಸನ್ನು ಜನರಿಗೇ ತೋರಿಸುವುದರಲ್ಲಿ.

ಎಷ್ಟು ಸಲ ಮದ್ದು ಹೊಡೆದಿರಿ?

ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರ ಜಗಲಿಯಲ್ಲಿ ಕೂತು ಹವಾಮಾನ ಬದಲಾವಣೆಯನ್ನು ನಂಬುತ್ತೀರಾ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಈ ವರ್ಷ ಕೊಳೆ ಮದ್ದು ಎಷ್ಟು ಸಲ ಹೊಡೆದಿರಿ ಎಂದು ಕೇಳಿ ನೋಡಿ, ಮಾತು ಮುಗಿಯುವುದೇ ಇಲ್ಲ.

ಕೊಳೆ ರೋಗಕ್ಕೆ ಹೊಡೆಯುವುದು ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಸಲ, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ ಹೊಡೆಯುವುದು ರೂಢಿ. ಮಳೆ ಎಳೆದುಕೊಂಡು ಹೋದರೆ ಮೂರನೆಯದೂ ಬೇಕು. ಮದ್ದು ಅಡಿಕೆ ಕೊನೆಗೆ ಹಿಡಿದು ಒಣಗಬೇಕೆಂದರೆ ಮಳೆ ಸ್ವಲ್ಪ ಹೊತ್ತಾದರೂ ಹೊಳವಾಗಬೇಕು, ಆ ಹೊಳವಿನಲ್ಲೇ ಮರ ಹತ್ತುವವರು ಸಿಗಬೇಕು. ಹೀಗಾಗಿ ಬೆಳೆಗಾರರ ತಲೆಯಲ್ಲಿ ಪ್ರತಿ ಮಳೆಗಾಲದ ಲೆಕ್ಕ ಅಚ್ಚೊತ್ತಿರುತ್ತದೆ: ಯಾವ ವರ್ಷ ಮೊದಲ ಮದ್ದಿಗೇ ಬಿಡುವು ಸಿಗಲಿಲ್ಲ, ಯಾವ ವರ್ಷ ಮೂರನೆಯದನ್ನು ಹೊಡೆಯಬೇಕಾಯಿತು, ಎಲೆಚುಕ್ಕಿ ರೋಗ ಯಾವ ತೋಟಕ್ಕೆ ಮೊದಲು ಬಂತು. ಕಾಫಿ ಬೆಳೆಗಾರರಿಗೆ ಹೂ ಅರಳಿಸುವ ಮಳೆ ಯಾವಾಗ ಬಂತು, ಹಣ್ಣು ಕೊಯ್ದು ಕಣದಲ್ಲಿ ಹರವಿದಾಗ ಅಕಾಲ ಮಳೆ ಎಷ್ಟು ಸಲ ಕಾಡಿತು ಎಂಬುದು ಹೀಗೆಯೇ ನೆನಪಿರುತ್ತದೆ.

ಬಯಲುಸೀಮೆಯಲ್ಲಿ ಲೆಕ್ಕ ನಕ್ಷತ್ರದ್ದು. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಎಂದು ಹದಿಮೂರು–ಹದಿನಾಲ್ಕು ದಿನಕ್ಕೊಂದರಂತೆ ಮಳೆಗಾಲವನ್ನು ಭಾಗ ಮಾಡಿಟ್ಟುಕೊಂಡವರು ನಮ್ಮ ರೈತರು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆಯ ಹಿಂದೆ ಬಿತ್ತನೆಯ ವೇಳಾಪಟ್ಟಿಯೇ ಇದೆ. ಅಂಥವರ ಮುಂದೆ ‘ಕಳೆದ 20 ವರ್ಷಗಳಲ್ಲಿ ಮುಂಗಾರು ಮಳೆ ಕಡಿಮೆಯಾಗಿದೆ: ಒಪ್ಪುತ್ತೇನೆ, ಒಪ್ಪುವುದಿಲ್ಲ, ಗೊತ್ತಿಲ್ಲ’ ಎಂಬ ನಮೂನೆ ಇಟ್ಟರೆ ಅವರು ಯಾವುದೋ ಒಂದಕ್ಕೆ ಗುರುತು ಹಾಕಿಯಾರು. ಅವರಿಗೆ ಗೊತ್ತಿರುವುದು ಅದಕ್ಕಿಂತ ಎಷ್ಟೋ ಹೆಚ್ಚು. ಒಟ್ಟು ಮಳೆ ಅಷ್ಟೇ ಇರಬಹುದು. ಆದರೆ ಬರಬೇಕಾದ ನಕ್ಷತ್ರದಲ್ಲಿ ಬಾರದೆ, ಹದಿನೈದು ದಿನದ್ದು ಎರಡೇ ದಿನದಲ್ಲಿ ಸುರಿದು ಹೋಗಿರಬಹುದು. ಬಿತ್ತಿದ ಬೀಜಕ್ಕೆ ಮುಖ್ಯವಾಗುವುದು ಈ ವ್ಯತ್ಯಾಸ, ನಮೂನೆಯಲ್ಲಿ ಜಾಗವಿಲ್ಲದ್ದೂ ಇದಕ್ಕೇ.

ಹಾಗೆಂದು ನೆನಪನ್ನು ಕಣ್ಣುಮುಚ್ಚಿ ನಂಬಬೇಕೆಂದು ನಾನು ಹೇಳುತ್ತಿಲ್ಲ. ನೆನಪಿಗೂ ಅದರದೇ ದೋಷಗಳಿವೆ. ಹೋದ ವರ್ಷದ ಬರ ಹತ್ತು ವರ್ಷದ ಒಳ್ಳೆಯ ಮಳೆಯನ್ನು ಮರೆಸಬಲ್ಲದು. ಅಮೆರಿಕ ಮತ್ತು ಆಸ್ಟ್ರೇಲಿಯಾದಲ್ಲಿ ಜನರನ್ನು ಕೇಳಿ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇವತ್ತು ಎಂದಿಗಿಂತ ಹೆಚ್ಚು ಸೆಕೆ ಎಂದುಕೊಂಡವರು ತಾಪಮಾನ ಏರಿಕೆಯ ಬಗ್ಗೆ ಹೆಚ್ಚು ಕಳವಳ ತೋರಿದ್ದರು. ಆದ್ದರಿಂದ ಜನರ ಮಾತನ್ನು ಮಳೆಮಾಪನದ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ಇದಕ್ಕೆ ಕರ್ನಾಟಕದಷ್ಟು ಅನುಕೂಲ ಇರುವ ರಾಜ್ಯ ಬಹಳ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ ಫೋನ್ ಮಾಡಿ ರೈತರು ನಾಳೆ ಮಳೆ ಉಂಟೇ ಎಂದು ಕೇಳುತ್ತಾರೆ. ಊರಿನ ನೆನಪೂ ಊರಿನ ಅಂಕಿಯೂ ಒಂದೇ ಮೇಜಿನ ಮೇಲೆ ಕೂಡಿದರೆ ಅದಕ್ಕಿಂತ ಗಟ್ಟಿಯಾದ ಹವಾಮಾನ ದಾಖಲೆ ಬೇರೆ ಬೇಕಿಲ್ಲ.

ಬಿದಿರ ಮೆಳೆ ಕಲಿಸಿದ್ದು

ಕೇಳಿಸಿಕೊಂಡರೆ ಏನು ಸಿಗುತ್ತದೆ ಎಂಬುದಕ್ಕೆ ಉತ್ತರ ಕನ್ನಡದಲ್ಲೇ ಒಂದು ಉದಾಹರಣೆ ಇದೆ. 1970ರ ದಶಕದಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಒದಗಿಸುತ್ತಿದ್ದ ಕಾಡುಗಳಲ್ಲಿ ಬಿದಿರು ಸೊರಗತೊಡಗಿತು. ಕಾರಣ ಹುಡುಕುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರ ಪಾಲಿಗೆ ಬಂತು. ಬಿದಿರ ಮೆಳೆಯ ಬುಡದಲ್ಲಿ ಮುಳ್ಳಿನ ಟಿಸಿಲುಗಳು ಹೆಣೆದುಕೊಂಡಿರುತ್ತವೆ. ಇದರಿಂದ ಹೊಸ ಬಿದಿರಿಗೆ ಉಸಿರುಗಟ್ಟುತ್ತದೆ, ಮುಳ್ಳು ಸವರಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬುದು ಅರಣ್ಯಾಧಿಕಾರಿಗಳ ತಿಳಿವಳಿಕೆಯಾಗಿತ್ತು. ಹಾಗೆಯೇ ಸವರಿಸುತ್ತಲೂ ಇದ್ದರು.

ಊರಿನವರು ಇದು ತಪ್ಪು ಎಂದರು. ಮುಳ್ಳು ಇದ್ದರೇ ಕಳಲೆ ಉಳಿಯುವುದು, ಸವರಿದರೆ ದನಕರು, ಕಾಡುಪ್ರಾಣಿಗಳಿಗೆ ದಾರಿ ಮಾಡಿಕೊಟ್ಟಂತೆ ಎಂಬುದು ಅವರ ಮಾತು. ಗಾಡ್ಗೀಳರು ಆ ಮಾತನ್ನು ತಳ್ಳಿಹಾಕದೆ ಕಾಡಿನಲ್ಲಿ ಪರೀಕ್ಷೆಗೆ ಇಟ್ಟರು. ಮುಳ್ಳು ಸವರಿದ ಮೆಳೆಗಳನ್ನೂ ಸವರದೆ ಬಿಟ್ಟವನ್ನೂ ಅಳೆದು ನೋಡಿದಾಗ ಊರಿನವರು ಹೇಳಿದ್ದೇ ಸರಿ ಎಂದು ಗೊತ್ತಾಯಿತು. ಮುಳ್ಳಿನ ಕಾವಲು ಕಳೆದುಕೊಂಡ ಮೆಳೆಗಳಲ್ಲಿ ಕಳಲೆ ಮೇವಾಗಿ ಹೋಗುತ್ತಿತ್ತು.

ಈ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಜನರನ್ನು ಕೇಳಿದ ಕ್ರಮ. ಜನ ಹೇಳಿದ್ದೆಲ್ಲ ವೇದವಾಕ್ಯ ಎಂದು ಯಾರೂ ಒಪ್ಪಲಿಲ್ಲ, ಅನಕ್ಷರಸ್ಥರ ಮಾತು ಎಂದು ಬದಿಗೂ ಸರಿಸಲಿಲ್ಲ. ಕೇಳಿದರು, ಅಳೆದರು, ಒಪ್ಪಿದರು. 1990ರ ದಶಕದಲ್ಲಿ ಊರೂರಿನ ಜೀವವೈವಿಧ್ಯವನ್ನು ಊರಿನವರಿಂದಲೇ ಬರೆಯಿಸುವ ದಾಖಲಾತಿ ಬೆಳೆದದ್ದು ಇದೇ ಕ್ರಮದಿಂದ. 2002ರ ಜೀವವೈವಿಧ್ಯ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಆದರೆ ಎಷ್ಟೋ ವರ್ಷ ದಾಖಲಾತಿ ಕುಂಟುತ್ತ ಸಾಗಿ, 2020ರ ಜನವರಿ 31ರೊಳಗೆ ಮುಗಿಸದಿದ್ದರೆ ದಂಡ ಎಂದು ಹಸಿರು ನ್ಯಾಯಮಂಡಳಿ ಎಚ್ಚರಿಸಿದ ಮೇಲೆ ಎಲ್ಲ ರಾಜ್ಯಗಳೂ ಗಡಿಬಿಡಿಗೆ ಬಿದ್ದವು. ಗಡುವಿನ ಭಯದಲ್ಲಿ ಊರನ್ನು ನಿಧಾನವಾಗಿ ಕೇಳಿಸಿಕೊಳ್ಳಲು ಆಗುವುದಿಲ್ಲ.

ವರದಿ ಬೇಕೋ, ಬೇಡವೋ?

ಈಗ ಪಶ್ಚಿಮಘಟ್ಟದ ವಿಷಯಕ್ಕೆ ಬರೋಣ. 2010ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಗಾಡ್ಗೀಳರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. 2011ರ ಆಗಸ್ಟ್‌ನಲ್ಲಿ ವರದಿ ಸಲ್ಲಿಕೆಯಾಯಿತು. ಘಟ್ಟವನ್ನು ಮೂರು ಬಗೆಯ ಸೂಕ್ಷ್ಮ ವಲಯಗಳಾಗಿ ಗುರುತಿಸಿದ್ದ ಆ ವರದಿ, ಗಡಿಗಳನ್ನು ಅಂತಿಮಗೊಳಿಸುವ ಮುನ್ನ ಗ್ರಾಮಸಭೆಗಳ ಮುಂದಿಡಬೇಕು ಎಂದಿತ್ತು. ಆದರೆ ಅದು ಜನರ ಕೈಗೆ ಸಿಕ್ಕಿದ್ದು 2012ರ ಮೇ ತಿಂಗಳಲ್ಲಿ, ಮಾಹಿತಿ ಹಕ್ಕಿನ ಹೋರಾಟವಾದ ಮೇಲೆ. ಅಷ್ಟರಲ್ಲಿ ಗಾಳಿಮಾತು ಊರೂರು ಸುತ್ತಿಯಾಗಿತ್ತು.

ಆಮೇಲೆ ಬಂದದ್ದು ಕೆ. ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡ. 2013ರ ಏಪ್ರಿಲ್‌ನಲ್ಲಿ ಅದು ಕೊಟ್ಟ ವರದಿ ಉಪಗ್ರಹ ಚಿತ್ರಗಳ ಆಧಾರದಲ್ಲಿ ಘಟ್ಟದ ಶೇ 37ರಷ್ಟು ಭಾಗವನ್ನು, ಅಂದರೆ ಸುಮಾರು 60 ಸಾವಿರ ಚದರ ಕಿ.ಮೀ.ಯನ್ನು, ಪರಿಸರ ಸೂಕ್ಷ್ಮ ಪ್ರದೇಶ ಎಂದು ಗುರುತಿಸಿತು. ಕರ್ನಾಟಕದ ಪಾಲು 20,668 ಚದರ ಕಿ.ಮೀ., 1,576 ಹಳ್ಳಿಗಳು. ಹಳ್ಳಿಯ ವಿಸ್ತೀರ್ಣದಲ್ಲಿ ಶೇ 20ರಷ್ಟು ಸಹಜ ಕಾಡಿದ್ದರೆ ಇಡೀ ಹಳ್ಳಿಯೇ ಪಟ್ಟಿಗೆ ಸೇರಿತು. ಆಕಾಶದಿಂದ ನೋಡಿ ಹಳ್ಳಿಯ ಹೆಸರು ಬರೆದದ್ದಾಯಿತು, ಹಳ್ಳಿಗೆ ಹೋಗಿ ಹೇಳಿದ್ದಾಗಲಿಲ್ಲ. ಗಣಿಗಾರಿಕೆ, ಕಲ್ಲುಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ಭಾರಿ ಕಟ್ಟಡಗಳಿಗೆ ತಡೆ ಇತ್ತೇ ಹೊರತು ಇರುವ ತೋಟ, ಗದ್ದೆ, ಮನೆಗಳನ್ನು ಬಿಡಿಸುವ ಮಾತು ಅದರಲ್ಲಿ ಇರಲಿಲ್ಲ. ಆದರೆ ಮನೆಯ ಹೆಂಚು ಬದಲಿಸಲೂ ಅನುಮತಿ ಬೇಕಂತೆ, ತೋಟ ಬಿಟ್ಟು ಹೋಗಬೇಕಂತೆ ಎಂಬ ಸುದ್ದಿ ಹಬ್ಬಿತು. ನೂರಾರು ಪುಟದ ಇಂಗ್ಲಿಷ್ ವರದಿಗೂ ಊರಿನ ಕಟ್ಟೆಗೂ ನಡುವೆ ಕನ್ನಡದಲ್ಲಿ ವಿವರಿಸಿ ಹೇಳುವ ಸರ್ಕಾರಿ ದನಿಯೇ ಇರಲಿಲ್ಲ. ಆ ಖಾಲಿ ಜಾಗವನ್ನು ಭಯ ತುಂಬಿತು.

2014ರಿಂದ 2024ರವರೆಗೆ ಸೂಕ್ಷ್ಮ ಪ್ರದೇಶ ಘೋಷಿಸುವ ಕರಡು ಅಧಿಸೂಚನೆ ಕೇಂದ್ರದಿಂದ ಆರು ಸಲ ಹೊರಟಿತು. ಈ ನಡುವೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅದಾದ ಎರಡೇ ವಾರಕ್ಕೆ ಕೇರಳದ ವಯನಾಡಿನ ಭೂಕುಸಿತ ದುರಂತ. ಅದರ ಮರುದಿನವೇ ಆರನೇ ಕರಡು ಬಂತು. ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ಮತ್ತೆ ತಿರಸ್ಕರಿಸಿತು.

ಇಷ್ಟು ವರ್ಷ ಮಲೆನಾಡಿಗರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ವರದಿ ಬೇಕೋ, ಬೇಡವೋ? ಬೇಡ ಎಂದವರನ್ನು ಪರಿಸರ ವಿರೋಧಿಗಳು ಎಂದು ನಗರದಲ್ಲಿ ಕೂತವರು ಕರೆದರು. ಇದು ಅನ್ಯಾಯ. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಕಳಾಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತು ಕಡಿತ ನಿಲ್ಲಿಸಿದರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಕೊಡಗಿನಲ್ಲಿ 1,214 ದೇವರಕಾಡುಗಳಿವೆ. ಇಂಥ ನೆಲದ ಜನಕ್ಕೆ ಕಾಡು ಬೇಡ ಎನ್ನುವುದಕ್ಕೆ ಆಧಾರ ಎಲ್ಲಿದೆ? ನಿಮ್ಮ ಊರಿನ ಯಾವ ಗುಡ್ಡ ಮುಟ್ಟಬಾರದು, ಯಾವ ಹಳ್ಳದ ತಲೆಯಲ್ಲಿ ಕ್ವಾರಿ ಬೇಡ, ಎಲ್ಲಿ ಧರೆ ಜಾರುವ ಭಯವಿದೆ, ಇದಕ್ಕೆಲ್ಲ ನಿಮಗೆ ಏನು ಭರವಸೆ ಬೇಕು ಎಂದು ಹಳ್ಳಿಹಳ್ಳಿಯಲ್ಲಿ ಕೇಳಿದ್ದರೆ ಬರುತ್ತಿದ್ದ ಉತ್ತರವೇ ಬೇರೆ.

ಕೇಳುವುದೂ ಕಾನೂನು

ಜನರನ್ನು ಕೇಳುವುದು ಸಂಶೋಧಕರ ಇಷ್ಟಕ್ಕೆ ಬಿಟ್ಟ ವಿಷಯವಷ್ಟೇ ಅಲ್ಲ, ಕಾನೂನಿನ ಮಾತೂ ಹೌದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸ್ಥಳದಲ್ಲಿ, ಇಲ್ಲವೇ ಹತ್ತಿರದಲ್ಲಿ, ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಮೂವತ್ತು ದಿನ ಮೊದಲು ಪ್ರಕಟಣೆ ಕೊಡಬೇಕು. ಯೋಜನೆಯ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಸಭೆಯ ಕೊನೆಗೆ ಜನ ಹೇಳಿದ್ದರ ಸಾರವನ್ನು ಅವರ ಭಾಷೆಯಲ್ಲೇ ಓದಿ ಹೇಳಬೇಕು. ಈ ಕೊನೆಯ ಅಂಶ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದರೆ ಎದ್ದು ನಿಂತು ಓದಿಸಬಹುದು.

2020ರಲ್ಲಿ ಇದೇ ಅಧಿಸೂಚನೆಯನ್ನು ಬದಲಿಸುವ ಕರಡು ಬಂದಾಗ ಆಕ್ಷೇಪಣೆ ಸಲ್ಲಿಸಿ ಎಂದು ದೇಶದ ಜನಕ್ಕೆ ಕರೆ ಹೋಯಿತು, ಕರಡು ಮಾತ್ರ ಇಂಗ್ಲಿಷ್, ಹಿಂದಿಯಲ್ಲಿತ್ತು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್, ಜನಕ್ಕೆ ಸರಿಯಾಗಿ ತಲುಪದ ಕರಡನ್ನು ಅಂತಿಮಗೊಳಿಸಬಾರದು ಎಂದು ಮಧ್ಯಂತರ ತಡೆ ಕೊಟ್ಟಿತು. ಓದಲು ಬಾರದ ಭಾಷೆಯಲ್ಲಿ ಅಭಿಪ್ರಾಯ ಕೇಳಿದರೆ ಅದು ಕೇಳಿದಂತಲ್ಲ ಎಂಬುದಕ್ಕೆ ನ್ಯಾಯಾಲಯಗಳ ಮುದ್ರೆಯೂ ಬಿದ್ದಂತಾಯಿತು.

ಸರಿಯಾಗಿ ಕೇಳಿದರೆ ಏನಾಗುತ್ತದೆ ಎಂಬುದನ್ನು ಒಡಿಶಾದ ನಿಯಮಗಿರಿ ತೋರಿಸಿದೆ. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬಾಕ್ಸೈಟ್ ಗಣಿ ಬೇಕೇ ಎಂಬುದನ್ನು ಗ್ರಾಮಸಭೆಗಳೇ ನೋಡಲಿ ಎಂದಿತು. ನ್ಯಾಯಾಧೀಶರೊಬ್ಬರ ಸಮ್ಮುಖದಲ್ಲಿ 12 ಹಳ್ಳಿಗಳಲ್ಲಿ ಸಭೆ ನಡೆಯಿತು. ಹನ್ನೆರಡೂ ಬೇಡ ಎಂದವು. ಅಲ್ಲಿನ ಡೋಂಗ್ರಿಯಾ ಕೋಂಧ ಆದಿವಾಸಿಗಳ ಬೆಟ್ಟ ಉಳಿಯಿತು.

ಪ್ರೀತಿಯೂ ನಷ್ಟವೂ ಒಂದೇ ಮನೆಯಲ್ಲಿ

ನಿಸರ್ಗದ ಬಗ್ಗೆ ಜನರ ಧೋರಣೆಯನ್ನು ಒಂದೇ ಅಂಕದಲ್ಲಿ ಹಿಡಿದಿಡಲು ಹೋಗುವುದು ಇನ್ನೊಂದು ತಪ್ಪು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ನೋಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವುಗಳನ್ನು ಕಾಣುತ್ತಾರೆ. ಹಿಕ್ಕೆ ಗದ್ದೆಗೆ ಗೊಬ್ಬರವಾಗುತ್ತಿತ್ತು. ಆದರೆ ಹಕ್ಕಿ ಕೂತ ಮರದ ಹುಣಸೆಹಣ್ಣು ಕೈಗೆ ಸಿಗುವುದಿಲ್ಲ, ಆ ನಷ್ಟ ಮರದ ಯಜಮಾನನದು. ಅದಕ್ಕಾಗಿ ಅರಣ್ಯ ಇಲಾಖೆ ಪರಿಹಾರ ಕೊಡುವ ವ್ಯವಸ್ಥೆ ಬಂತು. ಹಕ್ಕಿ ಇಷ್ಟವೇ ಎಂದಷ್ಟೇ ಕೇಳಿದರೆ ಊರಿಗೂರೇ ಹೌದು ಎನ್ನುತ್ತದೆ. ಈ ವರ್ಷದ ಪರಿಹಾರ ಕೈಗೆ ಬಂತೇ ಎಂದೂ ಕೇಳಿದರೆ ಮಾತ್ರ ಆ ಹೌದಿನ ಬೆಲೆ ಎಷ್ಟು, ಅದನ್ನು ಯಾರು ತೆರುತ್ತಿದ್ದಾರೆ ಎಂಬುದು ತಿಳಿಯುತ್ತದೆ.

ಬಂಡೀಪುರ, ನಾಗರಹೊಳೆಯ ಅಂಚಿನ ಹಳ್ಳಿಗಳಲ್ಲಿ ವನ್ಯಜೀವಿ ಅಧ್ಯಯನ ಕೇಂದ್ರದ ಕೃತಿ ಕಾರಂತ ಮತ್ತು ಅವರ ತಂಡ ಮನೆಮನೆಗೆ ಹೋಗಿ ಕೇಳಿದಾಗ, ಬೆಳೆ, ದನ ಕಳೆದುಕೊಂಡ ಎಷ್ಟೋ ಕುಟುಂಬಗಳು ಪರಿಹಾರಕ್ಕೆ ಅರ್ಜಿಯನ್ನೇ ಹಾಕಿಲ್ಲ ಎಂಬುದು ಬೆಳಕಿಗೆ ಬಂತು. ಆ ತಂಡ ಪ್ರಬಂಧ ಬರೆದು ಸುಮ್ಮನಾಗಲಿಲ್ಲ. 2015ರಲ್ಲಿ ‘ವೈಲ್ಡ್ ಸೇವೆ’ ಎಂಬ ಉಚಿತ ದೂರವಾಣಿ ಸೇವೆ ಶುರುಮಾಡಿ, ಕರೆ ಬಂದ ಮನೆಗೆ ಹೋಗಿ ಅರ್ಜಿ ತುಂಬಿಕೊಡುತ್ತ ಬಂದಿದೆ. ಜನರನ್ನು ಕೇಳಿದ ಸಂಶೋಧನೆ ಜನರಿಗೆ ಹಿಂತಿರುಗಬೇಕಾದದ್ದು ಹೀಗೆ.

ನಾವು ಮಾಡಬಹುದಾದ್ದು

ಪರಿಸರ ವಿಜ್ಞಾನ, ಸಮಾಜಶಾಸ್ತ್ರ, ಕೃಷಿ ಓದುವ ಸಾವಿರಾರು ವಿದ್ಯಾರ್ಥಿಗಳು ನಮ್ಮ ಕಾಲೇಜುಗಳಲ್ಲಿದ್ದಾರೆ. ಅವರಿಗೆ ಪ್ರಾಜೆಕ್ಟ್ ಕೊಡುವ ಅಧ್ಯಾಪಕರಲ್ಲಿ ನನ್ನ ವಿನಂತಿ: ಹೊರದೇಶದ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಿರುಗಿಸಿ ಹಂಚುವ ಬದಲು ವಿದ್ಯಾರ್ಥಿಗಳನ್ನು ತಮ್ಮ ತಮ್ಮ ಊರಿಗೇ ಕಳಿಸಿ. ಬಾವಿಯ ನೀರು ಯಾವ ತಿಂಗಳಲ್ಲಿ ತಳ ಕಂಡಿತು, ಬಿತ್ತನೆ ಯಾವ ನಕ್ಷತ್ರದಲ್ಲಾಯಿತು, ಕೊಳೆ ಮದ್ದು ಎಷ್ಟು ಸಲ ಬಿತ್ತು ಎಂದು ಕೇಳಿ ಬರೆದುಕೊಳ್ಳಲಿ. ಗಂಡಸರನ್ನಷ್ಟೇ ಕೇಳಿ ಎದ್ದು ಬರುವುದು ಬೇಡ. ನೀರು ತರುವವರು, ಸೊಪ್ಪು ಹೊರುವವರು, ನಾಟಿ ಮಾಡುವವರು ಹೆಂಗಸರು. ಭೂಮಿ ಇಲ್ಲದವರನ್ನೂ ಕೇಳಲಿ, ಬಿಸಿಲಿನಲ್ಲಿ ಮೊದಲು ಬೇಯುವವರು ಅವರು. ಬಂದ ಉತ್ತರವನ್ನು ಪಂಚಾಯಿತಿಯ ಮಳೆ ಅಂಕಿಯ ಜೊತೆ ಇಟ್ಟು, ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ.

ಓದುಗರಿಗೂ ಒಂದು ಮಾತು. ನಿಮ್ಮ ಊರಿನ ಗ್ರಾಮಸಭೆಗೆ, ವಾರ್ಡ್ ಸಭೆಗೆ, ಅಹವಾಲು ಸಭೆಗೆ ಹೋಗಿ. ಜೀವವೈವಿಧ್ಯ ದಾಖಲಾತಿ ಪಂಚಾಯಿತಿಯ ಕಪಾಟಿನಲ್ಲಿ ಇದ್ದರೆ ತೆರೆಸಿ ಓದಿ, ನಿಮ್ಮೂರಿನ ಕೆರೆ, ಗೋಮಾಳ, ದೇವರಕಾಡು ಅದರಲ್ಲಿ ಸೇರಿದೆಯೇ ನೋಡಿ, ಇಲ್ಲದಿದ್ದರೆ ಸೇರಿಸಲು ಅರ್ಜಿ ಕೊಡಿ. ಪಕ್ಕದವರಿಗೆ ಇದೆಲ್ಲ ಬೇಡವಾಗಿದೆ ಎಂದುಕೊಂಡು ಮನೆಯಲ್ಲಿ ಕೂರಬೇಡಿ. ಜಗತ್ತಿನ 125 ದೇಶಗಳ ಲೆಕ್ಕ ಹೇಳುವ ಪ್ರಕಾರ, ಅವರೂ ನಿಮ್ಮ ಬಗ್ಗೆ ಹಾಗೆಯೇ ಅಂದುಕೊಂಡು ಕೂತಿರುವ ಸಂಭವವೇ ಹೆಚ್ಚು.